ಊರೆಲ್ಲ ಉಳುವವನ ಹೊಲ

ಮಾರ್ಚ್ ೧೨, ಮಂಗಳವಾರ

ಡಾಕ್ಟರಮ್ಮನ ಮಾತಿಗೆ ಬೆಲೆ ಕೊಟ್ಟು ಬರೆಯಲು ಕುಳಿತಿದ್ದೇನೆ. ತೋಳಿಗೆ ಸುತ್ತಿದ್ದ ಬಿ.ಪಿ. ಪಟ್ಟಿ ಬಿಚ್ಚುತ್ತ, "ಸಿಟ್ಟು ಬಂದಾಗ ಕೂಗಾಡ್ಬೇಡಿ, ಬರೆದಿಡಿ. ಯಾರಿಗೂ ತೋರಿಸ್ಬೇಡಿ" ಎಂದರು.

"ಬರೆಯೋಕೆ ಏನಿರುತ್ತೆ ಡಾಕ್ಟರೇ? ಇಡೀ ದಿನ ಟ್ರಾಕ್ಟರ್ ಮೇಲೆ ಕೂತಿರ್ತೀನಿ."

"ಸಂಜೆ ಮನೆಗೆ ಹೋಗಲ್ವಾ?" ಎಂದು ಕೇಳಿದರು. ಬುದ್ಧಿವಂತೆ.

ಮನೆಗೆ ಹೋದೆ. ಚಪ್ಪಲಿ ಬಿಡುವ ಮೊದಲೇ ಹೆಂಡತಿ ಹಿಂದಿನ ಹೊಲದಿಂದ ಕೂಗಿದಳು. ಹೋಗಿ ನೋಡಿದರೆ ಹೊಲದ ನಟ್ಟನಡುವೆ ಸೊಂಟದಾಳದ ಗುಂಡಿ. ಪಕ್ಕದಲ್ಲಿ ಹಾರೆ ಹಿಡಿದುಕೊಂಡು ಅವಳು.

"ಇಳೀರಿ."

"ನನ್ನನ್ನ ಹೂಳೋಕಾ?"

"ಇಳೀರಿ ಅಂದ್ರೆ ಇಳೀರಿ."

ಇಳಿದೆ. ಒಂದು ಗೇಣು ಮಣ್ಣು ಸಡಿಲವಾಗಿತ್ತು. ಅದರ ಕೆಳಗೆ, ಹಾರೆಯಿಂದ ಕುಟ್ಟಿದರೆ ಟಣ್ ಎನ್ನುವಂಥ ಪದರ. ಹೋದ ವರ್ಷದ ಮೆಕ್ಕೆಜೋಳದ ಬೇರುಗಳು ಅಲ್ಲಿಯವರೆಗೆ ನೆಟ್ಟಗೆ ಇಳಿದು, ಗೋಡೆಗೆ ಹಣೆ ಬಡಿಸಿಕೊಂಡವರ ಹಾಗೆ ಅಡ್ಡಕ್ಕೆ ತಿರುಗಿದ್ದವು.

"ಮಣ್ಣೇ ಗಟ್ಟಿ, ಏನ್ಮಾಡೋದು?" ಎಂದೆ.

"ಮಣ್ಣು ಗಟ್ಟಿ ಅಲ್ಲ, ನೀವು ಮಾಡಿದ್ದು. ವರ್ಷಾ ವರ್ಷಾ ಅದೇ ಆಳಕ್ಕೆ ನೇಗಿಲು ಹಾಕಿ, ಮೇಲಿಂದ ಆ ಭಾರದ ಗಾಡಿ ಓಡಿಸಿ, ಅಮುಕಿ ಅಮುಕಿ ಸಿಮೆಂಟ್ ಮಾಡಿ ಇಟ್ಟಿದ್ದೀರಿ. ಬೇರೂ ಇಳಿಯಲ್ಲ, ನೀರೂ ಇಳಿಯಲ್ಲ. ಹೋದ ಸಲ ಮಳೆ ಸ್ವಲ್ಪ ಕೈಕೊಟ್ಟಿದ್ದಕ್ಕೆ ತೆನೆಯಲ್ಲಿ ಕಾಳೇ ಇರಲಿಲ್ಲ, ನೆನಪಿದೆಯಾ?"

ನೆನಪಿದೆ. ಹಲ್ಲುದುರಿದ ಬಾಯಿಯ ಹಾಗಿದ್ದವು ಆ ತೆನೆಗಳು. ಆದರೆ ಅದಕ್ಕೆ ಮೋಡ ಕಾರಣ, ನಾನಲ್ಲ. ಈ ಸೀಮೆಯಲ್ಲಿ ನನ್ನಷ್ಟು ನೆಟ್ಟಗೆ, ನುಣ್ಣಗೆ ಉಳುವವರು ಯಾರಿದ್ದಾರೆ? ಜನ ಸಾಲುಗಟ್ಟಿ ನಿಂತು ನನ್ನ ಗಾಡಿಯನ್ನೇ ಕೇಳುತ್ತಾರೆ. ಒಣ ಬೇಸಾಯದ ತರಬೇತಿ ಅಂತ ಇವಳು ಮೂರು ದಿನ ಎಲ್ಲಿಗೋ ಹೋಗಿ ಬಂದಳು ನೋಡಿ, ಅಲ್ಲಿಂದ ಶುರು.

ಮಾರ್ಚ್ ೧೫, ಶುಕ್ರವಾರ

ತೀರ್ಪು ಹೊರಬಿದ್ದಿದೆ. ಈ ವರ್ಷ ಹಿಂದಿನ ಹೊಲ ಉಳುವಂತಿಲ್ಲ. ಕಟಾವಾದ ಮೆಕ್ಕೆಜೋಳದ ದಂಟನ್ನು ಸುಡುವಂತಿಲ್ಲ. ಅದು ಹೊಲದಲ್ಲೇ ಹಾಸಿಕೊಂಡು ಬಿದ್ದಿರಬೇಕಂತೆ, ಮಣ್ಣಿಗೆ ಹೊದಿಕೆಯಂತೆ. ನನ್ನ ಗಾಡಿ ಆ ಕಡೆ ಮುಖ ಕೂಡ ಹಾಕಬಾರದು.

"ಊರೆಲ್ಲ ಉಳುವವನ ಹೊಲ ಉಳದೆ ಬಿದ್ದಿದ್ರೆ ಜನ ಏನಂತಾರೆ?" ಎಂದೆ.

"ಜನಕ್ಕೆ ಮಾತಾಡೋಕೆ ಏನಾದ್ರೂ ಬೇಕಲ್ಲ. ಆಡಿಕೊಳ್ಳಲಿ ಬಿಡಿ."

ಮಗಳಿಗೆ ಫೋನ್ ಮಾಡಿ ಹೇಳಿದೆ. "ಅಮ್ಮ ಹೇಳೋದ್ರಲ್ಲಿ ಏನೋ ಇರುತ್ತೆ ಬಿಡಪ್ಪ" ಎಂದಳು. ಫೋನ್ ಇಟ್ಟೆ.

ಮಾರ್ಚ್ ೩೦

ಜನ ಏನಂತಾರೆ ಎಂದು ಗೊತ್ತಾಗಲು ಬಹಳ ದಿನ ಬೇಕಾಗಲಿಲ್ಲ. ಮೊದಲು ಬಾಯಿ ತೆರೆದವನು ನನ್ನ ಒಡಹುಟ್ಟಿದ ಅಣ್ಣ. ಅವನ ಹೊಲ ನಮ್ಮದಕ್ಕೆ ಅಂಟಿಕೊಂಡೇ ಇದೆ, ನಡುವೆ ಒಂದು ಬದು ಅಷ್ಟೇ. ಅವನದ್ದನ್ನು ದಂಟು ಸುಟ್ಟು, ಗುಡಿಸಿ, ನಾನೇ ಉತ್ತುಕೊಟ್ಟಿದ್ದೇನೆ. ಒರೆಸಿಟ್ಟ ತಟ್ಟೆಯ ಹಾಗಿದೆ. ಬದುವಿನ ಮೇಲೆ ನಿಂತು ಎರಡೂ ಕಡೆ ನೋಡಿ, "ಏನೋ ಇದು, ಹೊಲವಾ ತಿಪ್ಪೆಯಾ?" ಎಂದ.

"ನನ್ನನ್ನ ಕೇಳಬೇಡ, ಅವಳನ್ನ ಕೇಳು."

"ಕೇಳಿದ್ರೆ ಗುಂಡಿಗೆ ಇಳಿಸ್ತಾಳಂತಲ್ಲ!"

ಊರಿಗೆಲ್ಲ ಗೊತ್ತಾಗಿದೆ.

ಎರಡನೆಯ ತಲೆನೋವು ಮೇಕೆ. ಕಟಾವಾದ ಮೇಲೆ ಹೊಲವೆಲ್ಲ ಮೇವಿಗೆ ಬಿಟ್ಟಿದ್ದು ಎಂದು ಮೇಕೆಯಮ್ಮ ತನ್ನ ದಂಡು ಹೊಡೆದುಕೊಂಡು ಬಂದಳು. ಹೆಂಡತಿ ಅಡ್ಡ ನಿಂತಳು. "ಯಾರಿಗೂ ಇಲ್ಲದ ಕಾನೂನು ನಿನ್ನೊಬ್ಬಳಿಗೇನು?" ಎಂದು ಅವಳು, "ಇದು ಮಣ್ಣಿನ ಊಟ, ಮೇಕೆ ಊಟ ಅಲ್ಲ" ಎಂದು ಇವಳು. ನಾನು ಮೇಕೆಯಮ್ಮನ ಪರ. ಬಾಯಿ ಬಿಟ್ಟು ಹೇಳಿಯೂ ಹೇಳಿದೆ. ಅದರ ಫಲ: ಇಡೀ ಮಧ್ಯಾಹ್ನ ಮುಳ್ಳು ಕಡಿದು ತಂದು ಬೇಲಿ ಹಾಕಿದ್ದು ನಾನು. ಎರಡೂ ಕೈ ಗೀಚುಗಾಯ.

ಏಪ್ರಿಲ್ ೮

ಬಿಸಿಲು ಕೆಂಡ. ಅವಳು ಬೆಳಕು ಹರಿಯುವ ಮೊದಲೇ ಗುದ್ದಲಿ ಹಿಡಿದು ಹೊಲಕ್ಕೆ ಹೋಗುತ್ತಾಳೆ. ಸಾಲಾಗಿ ಪುಟ್ಟ ಪುಟ್ಟ ಗುಣಿ ತೋಡುವುದು, ಒಂದೊಂದಕ್ಕೂ ಹಿಡಿ ಕೊಟ್ಟಿಗೆ ಗೊಬ್ಬರ ಹಾಕುವುದು. ಇಡೀ ಹೊಲ ಹೀಗೇ ಕೈಯಲ್ಲಿ. ಮನೆಯಲ್ಲಿ ಟ್ರಾಕ್ಟರ್ ಇಟ್ಟುಕೊಂಡು!

ಏಪ್ರಿಲ್ ೧೧

ನೋಡಲಾರದೆ ಹೋದೆ. ಅವಳು ಪಡುವ ಕಷ್ಟ ನೋಡಲಾರದೆ ಅಲ್ಲ. ಅವಳು ಕಟ್ಟಿದ ಹಗ್ಗ ಸೊಟ್ಟಗಿತ್ತು. ಆ ಮೂಲೆಯಿಂದ ಈ ಮೂಲೆಗೆ ಬರುವಷ್ಟರಲ್ಲಿ ಸಾಲು ಹಾವಿನ ಹಾಗೆ ಹೊರಳಿತ್ತು. ನನ್ನ ಹೆಸರಿನ ಹೊಲದಲ್ಲಿ ಅಂಥ ಸಾಲು ಇದ್ದರೆ ನಾಳೆ ಯಾರು ನನ್ನನ್ನು ಕರೆಯುತ್ತಾರೆ? ಗೂಟ ಕಿತ್ತು, ಹಗ್ಗ ಎಳೆದು, ಎಲ್ಲ ಸಾಲನ್ನೂ ಮತ್ತೆ ಗುರುತು ಹಾಕಿಕೊಟ್ಟೆ. ಇಳಿಜಾರಿಗೆ ಅಡ್ಡಡ್ಡವಾಗಿ ಬರಬೇಕು ಎಂದಳು. ಅದೂ ಗೊತ್ತಿಲ್ಲವೇ ನನಗೆ?

ಅವಳ ಬಾಯಿಂದ ಒಂದು ಒಳ್ಳೆಯ ಮಾತು ಬಂತೇ? "ಬಿಸಿಲಲ್ಲಿ ಟೋಪಿ ಹಾಕ್ಕೊಳ್ಳಿ, ಬಿ.ಪಿ. ಇದೆ" ಎಂದಳು. ಅಷ್ಟೇ.

ಮೇ ೬, ಸೋಮವಾರ

ಅವಳ ಸೊಂಟ ಹಿಡಿದುಕೊಂಡಿದೆ. ಎದ್ದು ಕೂರಲಾಗುತ್ತಿಲ್ಲ. ಡಾಕ್ಟರಮ್ಮ ಮಾತ್ರೆ ಕೊಟ್ಟು, ಗುದ್ದಲಿ ಮುಟ್ಟಬಾರದು ಎಂದರು. ಅರ್ಧ ಹೊಲ ಆಗಿದೆ, ಅರ್ಧ ಹಾಗೇ ಬಿದ್ದಿದೆ.

ಅನ್ನ ಸೀದುಹೋಯಿತು. ನಾನು ಮಾಡಿದ ಅನ್ನ. ಅವಳು ತುಟಿ ಪಿಟಕ್ಕೆನ್ನದೆ ತಿಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಗೋಡೆ ಕಡೆ ತಿರುಗಿ ಮಲಗಿ, "ಮಳೆ ಬಂದುಬಿಡುತ್ತೆ" ಎಂದಳು. ಮಳೆ ಬರುವುದು ಶಾಪವಾದ ಮನೆ ಇದೊಂದೇ ಇರಬೇಕು.

ಮೇ ೧೦

ವೆಲ್ಡರನ ಹತ್ತಿರ ಹೋಗಿದ್ದೆ. ಶೆಡ್ಡಿನಲ್ಲಿ ಮುರಿದು ಬಿದ್ದಿದ್ದ ಹಳೆಯ ನೇಗಿಲಿನ ಕಾಲೊಂದಿತ್ತು. ಅದರ ತುದಿಗೆ ಉದ್ದನೆಯ ಚೂಪು ಹಲ್ಲು ಕೂರಿಸು ಎಂದೆ.

"ಒಂದೇ ಹಲ್ಲಾ? ಒಂಟಿ ಹಲ್ಲಿನ ನೇಗಿಲು ಏನು ಉಳುತ್ತೆ ಅಣ್ಣಾ?"

"ಉಳಲ್ಲ. ಸೀಳುತ್ತೆ. ಸಾಲಿದ್ದಲ್ಲಿ ಮಾತ್ರ ಆಳಕ್ಕೆ ಗೀರಿಕೊಂಡು ಹೋಗುತ್ತೆ, ಆ ಗಟ್ಟಿ ಪದರ ಒಡೆಯುತ್ತೆ. ಅಕ್ಕಪಕ್ಕದ ಮಣ್ಣು ಮಗುಚೋ ಹಾಗಿಲ್ಲ."

"ಯಾವ ಗಟ್ಟಿ ಪದರ?"

ಅವನಿಗೆ ಎಲ್ಲ ಬಿಡಿಸಿ ಹೇಳುವಷ್ಟರಲ್ಲಿ ಹೊತ್ತು ಮುಳುಗಿತು. ಮೊದಲ ಸಲ ಕೂರಿಸಿದ ಹಲ್ಲಿನ ಕೋನ ತಪ್ಪು, ಮತ್ತೆ ಕಿತ್ತು ಹಾಕಿಸಿದೆ. ಅವಳಿಗಾಗಿ ಅಲ್ಲ. ನರಳಾಟ ಕೇಳಲಾಗುವುದಿಲ್ಲ ನನಗೆ.

ಮೇ ೧೯, ಭಾನುವಾರ

ಉಳಿದ ಅರ್ಧ ಹೊಲಕ್ಕೆ ಒಂಟಿ ಹಲ್ಲು ಇಳಿಸಲು ಅಪ್ಪಣೆ ಸಿಕ್ಕಿತು. ಬದುವಿನ ಮೇಲೆ ಕುರ್ಚಿ ಹಾಕಿಸಿಕೊಂಡು, ಬೆನ್ನಿಗೆ ದಿಂಬು ಇಟ್ಟುಕೊಂಡು ನನ್ನ ಕೆಲಸದ ಉಸ್ತುವಾರಿಗೆ ಕುಳಿತಳು. "ಚಕ್ರ ಅದೇ ಜಾಡಲ್ಲಿ ಹೋಗ್ಲಿ! ಪಕ್ಕಕ್ಕೆ ಹತ್ತಿಸ್ಬೇಡಿ! ದಂಟು ಎಳೆದುಕೊಂಡು ಹೋಗ್ತಿದೆ, ನಿಲ್ಸಿ, ನಿಲ್ಸಿ!" ಗಾಡಿಯ ಸದ್ದಿನ ಮೇಲೂ ಕೇಳುತ್ತದೆ ಆ ಗಂಟಲು. ಸೊಂಟ ಹಿಡಿದರೆ ಗಂಟಲಿಗೆ ಬಲ ಬರುತ್ತದೆಯೋ ಏನೋ.

ಹಲ್ಲು ಆಳಕ್ಕೆ ಇಳಿದು ಪದರಕ್ಕೆ ತಾಗಿದಾಗ ಗಾಡಿ ಒಂದು ಕ್ಷಣ ತಿಣುಕಿತು. ಆಮೇಲೆ ಕೆಳಗೆ ಏನೋ ಲಟಕ್ ಎಂದು ಬಿಟ್ಟುಕೊಟ್ಟಿತು. ಸೀಟಿನ ಮೇಲೆ ಕುಳಿತವನಿಗೂ ಅದು ಗೊತ್ತಾಯಿತು. ಇಳಿದು ಕೈ ಹಾಕಿ ನೋಡಿದೆ. ಮೊಳಕೈವರೆಗೆ ಹೋಯಿತು. ಹಾರೆಯೇ ಇಳಿಯದ ಮಣ್ಣು ಅದು.

ಕುರ್ಚಿಯಲ್ಲಿ ಅವಳು ಕುಳಿತ ಭಂಗಿ ನೋಡಬೇಕಿತ್ತು, ಮಹಾರಾಣಿ.

ಜೂನ್ ೯

ಜೋರು ಮಳೆ. ಬೆಳಿಗ್ಗೆ ಎದ್ದು ನೋಡಿದರೆ ಅಣ್ಣನ ಹೊಲದ ಮಣ್ಣು ಕೆಂಪು ನೀರಾಗಿ ರಸ್ತೆ ದಾಟಿ ಚರಂಡಿಗೆ ಹೋಗುತ್ತಿತ್ತು. ನಮ್ಮ ಕಡೆಯಿಂದ ನೀರು ಬರಲೇ ಇಲ್ಲ. ಎಲ್ಲಿಗೆ ಹೋಯಿತು ಎಂದು ಕೊಡೆ ಹಿಡಿದು ಹೋಗಿ ಹುಡುಕಿದೆ. ಎಲ್ಲೂ ಹೋಗಿರಲಿಲ್ಲ.

ಅಣ್ಣನ ಹೊಲ ಇಳಿಜಾರು ಜಾಸ್ತಿ. ಅದಕ್ಕೇ ಇರಬೇಕು.

ಜೂನ್ ೧೫

ಉಳುಮೆಯ ಸುಗ್ಗಿ. ಊಟಕ್ಕೂ ಬಿಡುವಿಲ್ಲ. ಆದರೆ ಹೋದಲ್ಲೆಲ್ಲ ಒಂದೇ ಕುಚೇಷ್ಟೆ. "ನಿಮ್ಮ ಮನೇಲೇ ನಿಮ್ಮ ನೇಗಿಲು ನಡೆಯಲ್ವಂತೆ, ನಮಗ್ಯಾಕೆ ತಂದ್ರಿ?" ತನ್ನ ಅಂಗಡಿಯ ತಿಂಡಿ ತಾನೇ ತಿನ್ನದವನನ್ನು ನೋಡುವ ಹಾಗೆ ನೋಡುತ್ತಾರೆ. ಹಲ್ಲು ಕಚ್ಚಿ ಉತ್ತು ಬಂದೆ.

ಒಬ್ಬರ ಹೊಲದಲ್ಲಿ ಮಣ್ಣು ಇನ್ನೂ ಹಸಿ. ಅದರ ಮೇಲೆ ಗಾಡಿ ಹತ್ತಿಸಿದರೆ ಕೆಳಗೆ ಮತ್ತೆ ಗಟ್ಟಿ ಕೂರುತ್ತದೆ, ಎರಡು ದಿನ ತಡೀರಿ ಎಂದೆ. "ಇಷ್ಟು ವರ್ಷ ಇಲ್ಲದ ಹೊಸ ರಾಗ" ಎಂದು ಬೇರೆ ಗಾಡಿ ಕರೆಸಿಕೊಂಡರು. ಹಾಳಾಗಿ ಹೋಗಲಿ.

ಜುಲೈ ೪

ಕಳೆ.

ಜುಲೈ ೭

ಇನ್ನೂ ಕಳೆ. ನೇಗಿಲು ಹಾಕಿದ್ದರೆ ಅರ್ಧ ಹುಟ್ಟುತ್ತಲೇ ಇರಲಿಲ್ಲ. ಹೇಳಿದೆ. "ಹೇಳೋ ಬಾಯಿಗೆ ಕೈ ಎರಡಿವೆಯಲ್ಲ" ಎಂದಳು. ಕಳೆ ಕಿತ್ತು ಕಿತ್ತು ನನ್ನ ಬೆನ್ನು ನೆಟ್ಟಗೆ ಮಾಡಲಾಗುತ್ತಿಲ್ಲ.

ಜುಲೈ ೧೪, ಭಾನುವಾರ

ನಮ್ಮ ಮೆಕ್ಕೆಜೋಳ ಹಳದಿ. ಅಣ್ಣನದು ಮೊಣಕಾಲೆತ್ತರಕ್ಕೆ ಕಡುಹಸಿರು. ದಂಟು ಕೊಳೆಯುವಾಗ ಮಣ್ಣಿನಲ್ಲಿರುವ ಸತ್ವವನ್ನು ಮೊದಲು ಅದೇ ತಿಂದುಬಿಡುತ್ತದಂತೆ, ಆಮೇಲೆ ನಿಧಾನಕ್ಕೆ ವಾಪಸ್ ಕೊಡುತ್ತದಂತೆ. ತರಬೇತಿಯಲ್ಲಿ ಹೇಳಿದ್ದರಂತೆ, ಇವಳಿಗೆ ಮರೆತುಹೋಗಿತ್ತಂತೆ. ಮರೆಯುವ ವಿಷಯವೇ ಇದು? ಓಡಿಹೋಗಿ ಗೊಬ್ಬರ ತಂದು ಬುಡಬುಡಕ್ಕೂ ಹಾಕಿದೆವು. ಸಾಲಿನ ನಡುವೆ ಅವಳು ಬಿತ್ತಿದ್ದ ಅಲಸಂದೆ ಹಬ್ಬುತ್ತಿದೆ, ಅದೊಂದು ಮಾತ್ರ ನಗುನಗುತ್ತ ಇದೆ.

ಸಂಜೆ ಅಣ್ಣ ಬಂದು, "ಕಾಮಾಲೆ ಬಂದ ಮಗು ಹಾಗಿದೆಯಲ್ಲೋ ನಿಮ್ಮ ಬೆಳೆ" ಎಂದು ನಕ್ಕ. ಅವಳು ತಲೆ ತಗ್ಗಿಸಿ ಒಳಗೆ ಹೋದಳು.

"ನಿನ್ನ ಮಣ್ಣು ಚರಂಡೀಲಿದೆ, ಮೊದಲು ಅದನ್ನ ತುಂಬಿಕೊಂಡು ಬಾ ಹೋಗು!" ಎಂದುಬಿಟ್ಟೆ. ರಸ್ತೆಯವರೆಗೂ ಕೇಳಿಸಿರಬೇಕು. ಅಣ್ಣ ಟವೆಲ್ ಕೊಡವಿಕೊಂಡು ಹೊರಟುಹೋದ. ಹುಟ್ಟಿದಾಗಿನಿಂದ ಅವನಿಗೆ ಎದುರು ಮಾತಾಡಿದವನಲ್ಲ ನಾನು. ಅಷ್ಟು ಸಿಟ್ಟು ಎಲ್ಲಿಂದ ಬಂತೋ. ನಾನೂ ಅದನ್ನೇ ಅನ್ನುತ್ತಿದ್ದೆ ತಾನೆ?

ಮಾತ್ರೆ ನುಂಗಿ ಬರೆಯುತ್ತಿದ್ದೇನೆ.

ಜುಲೈ ೩೧

ಮಳೆ ನಿಂತುಹೋಗಿದೆ. ಆಕಾಶ ತೊಳೆದಿಟ್ಟ ಪಾತ್ರೆ. ಮೇಲೆ ಹೂ ಒಡೆದು, ತೆನೆಗೆ ರೇಷ್ಮೆ ಕೂದಲು ಬರುವ ಹೊತ್ತು. ಕೈಕೊಡಬಾರದ ಹೊತ್ತಿನಲ್ಲೇ ಕೈಕೊಡುವುದನ್ನು ಈ ಮಳೆ ಯಾರಿಂದ ಕಲಿಯಿತೋ.

ಆಗಸ್ಟ್ ೬

ಬೇಲಿ ನೋಡಲು ಹೋಗಿದ್ದೆ.

ಅಣ್ಣನ ಹೊಲದಲ್ಲಿ ಬೆಳಗಿನ ಚಹಾದ ಹೊತ್ತಿಗೇ ಎಲೆಗಳು ಸುರುಳಿ ಸುತ್ತಿ ಕಡ್ಡಿಯಾಗುತ್ತವೆ. ನಮ್ಮಲ್ಲಿ ಮಧ್ಯಾಹ್ನ ಕಳೆದ ಮೇಲೆ ಸ್ವಲ್ಪ ಸುತ್ತಿಕೊಂಡು, ಸಂಜೆಗೆ ಬಿಚ್ಚಿಕೊಳ್ಳುತ್ತವೆ. ಹಳದಿ ಹೋಗಿ ಎಷ್ಟೋ ದಿನವಾಯಿತು. ಹಾಸಿದ ದಂಟಿನ ಕೆಳಗೆ ಕೈ ಇಟ್ಟೆ. ಮಡಕೆಯ ಹೊಟ್ಟೆ ಮುಟ್ಟಿದ ಹಾಗೆ ತಣ್ಣಗಿತ್ತು. ಬೆರಳಿಗೆ ಹಸಿ ಹತ್ತಿತು.

ಆಗಸ್ಟ್ ೭

ಬೇಲಿ ನೋಡಲು ಹೋಗಿದ್ದೆ. ಈಗಲೂ ತಣ್ಣಗಿದೆ.

ಆಗಸ್ಟ್ ೯

ಬೇಲಿ. "ಆ ಬೇಲಿಗೆ ಏನಾಗಿದೆ, ದಿನಕ್ಕೆರಡು ಸಲ ಹೋಗ್ತೀರಿ?" ಎಂದು ಕೇಳಿದಳು. ಮೇಕೆ ನುಗ್ಗಿದರೆ ಇವಳ ಅಪ್ಪ ಬಂದು ಓಡಿಸುತ್ತಾನೆಯೇ?

ಆಗಸ್ಟ್ ೧೮, ಭಾನುವಾರ

ಅಣ್ಣ ಬದುವಿನ ಮೇಲೆ ಒಬ್ಬನೇ ಕುಳಿತಿದ್ದ. ಅವನ ಬೆಳೆ ಬುಡದಿಂದ ಒಣಗುತ್ತ ಮೇಲಕ್ಕೆ ಬಂದಿದೆ. ನಾನು ಹೋಗಿ ಪಕ್ಕದಲ್ಲಿ ಕುಳಿತೆ. ಏನಾದರೂ ಕುಹಕ ಆಡುತ್ತಾನೆ, ತಿರುಗಿಸಿ ಕೊಡೋಣ ಎಂದು ಕಾದೆ. ಆಡಲಿಲ್ಲ. ನಮ್ಮ ಹೊಲ ನೋಡಿದ, ತನ್ನದು ನೋಡಿದ, ಎದ್ದು ಹೋದ.

ಇದು ನ್ಯಾಯವಲ್ಲ. ಜಗಳ ಆಡುವುದಿದ್ದರೆ ಆಡಬೇಕು. ಹೀಗೆ ಸುಮ್ಮನೆ ಎದ್ದು ಹೋದರೆ ಊಟ ಸೇರುವುದಾದರೂ ಹೇಗೆ? ಅವನ ಹೊಲ ಉತ್ತುಕೊಟ್ಟಿದ್ದೂ ನಾನೇ.

ಅಕ್ಟೋಬರ್ ೬

ಕಟಾವು ಮುಗಿಯಿತು. ಭರ್ಜರಿ ಏನಲ್ಲ. ಮಳೆ ಚೆನ್ನಾಗಿದ್ದ ವರ್ಷದಷ್ಟು ಬಂದಿಲ್ಲ. ಕೆಳಗಿನ ತೆನೆಗಳನ್ನು ಇಲಿಗಳು ತಿಂದಿವೆ. ದಂಟಿನ ಹಾಸಿಗೆ ಅವುಗಳಿಗೆ ಅರಮನೆಯಾಗಿತ್ತು. ಆದರೂ ವರ್ಷಕ್ಕಾಗುವಷ್ಟು ಕಾಳಿದೆ, ಅಲಸಂದೆ ಬೇರೆ. ತೆನೆ ಸುಲಿದರೆ ಕಾಳು ತುದಿಯವರೆಗೆ ಒತ್ತೊತ್ತಾಗಿ ಕುಳಿತಿದೆ. ಸುಲಿಯುತ್ತ ಸುಲಿಯುತ್ತ ಒಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ವೆಲ್ಡರನಿಗೆ ತೋರಿಸಿ ಬಂದೆ. ಅವನ ಹಲ್ಲು ಕೆಲಸ ಮಾಡಿದೆಯೋ ಇಲ್ಲವೋ ಅವನಿಗೆ ಗೊತ್ತಾಗಬೇಡವೇ?

ಅಣ್ಣನಿಗೆ ಸಿಕ್ಕಿದ್ದು ಬರೀ ಮೇವು. ಅವಳು ಎರಡು ಮೂಟೆ ಪಕ್ಕಕ್ಕೆ ಇಟ್ಟು, "ಭಾವನ ಮನೆಗೆ ಕೊಟ್ಟು ಬನ್ನಿ, ಮಾತು ಬೆಳೆಸ್ಬೇಡಿ" ಎಂದಳು. ಕೊಟ್ಟೆ. ಅಣ್ಣ ಮೂಟೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ. ನಾನು ಮಾತು ಬೆಳೆಸಲಿಲ್ಲ.

ಅಕ್ಟೋಬರ್ ೨೦

ರಾದ್ಧಾಂತ. ಕಟಾವಾದ ಮೇಲೆ ನಮ್ಮ ಹೊಲದ ಇಲಿಗಳೆಲ್ಲ ಗುಳೆ ಎದ್ದು ಅಣ್ಣನ ಕಣಜಕ್ಕೆ ನುಗ್ಗಿವೆ. ಅಲ್ಲಿದ್ದ ಹೋದ ವರ್ಷದ ಅಷ್ಟಿಷ್ಟು ಕಾಳು, ನಾವು ಕೊಟ್ಟ ಮೂಟೆ, ಬಿತ್ತನೆಗೆ ಎತ್ತಿಟ್ಟಿದ್ದು ಎಲ್ಲ ಹೊಟ್ಟು. ಅತ್ತಿಗೆ ಅಂಗಳದಲ್ಲಿ ನಿಂತು ನನ್ನ ಹೆಂಡತಿಗೆ ಕೇಳಿಸುವ ಹಾಗೆ, "ಒಬ್ಬರ ಹುಚ್ಚಿಗೆ ಇನ್ನೊಬ್ಬರ ಮನೆ ಹಾಳು" ಎಂದರು.

ನಾನು ಇಬ್ಬರಿಗೂ ಏನೇನೋ ಹೇಳಲು ಹೋದೆ. ತಗಡಿನ ಡ್ರಮ್ಮು ತಂದುಕೊಡುತ್ತೇನೆ, ನಮ್ಮ ಕಾಳಲ್ಲೇ ಬಿತ್ತನೆಗೂ ಕೊಡುತ್ತೇನೆ ಎಂದೆ. ಅತ್ತಿಗೆ ಬಾಗಿಲು ಹಾಕಿಕೊಂಡರು.

ಅಕ್ಟೋಬರ್ ೨೧

ಡ್ರಮ್ಮು ಹೊತ್ತುಕೊಂಡು ಹೋಗಿ ಇಳಿಸಿ ಬಂದೆ. ಬೋನನ್ನೂ ಇಟ್ಟೆ. ಅತ್ತಿಗೆ ಚಹಾ ಕೊಟ್ಟರು. ಸಕ್ಕರೆ ಇರಲಿಲ್ಲ. ಮರೆತಿದ್ದೋ ಬೇಕೆಂದೇ ಮಾಡಿದ್ದೋ ಕೇಳುವ ಧೈರ್ಯವಾಗಲಿಲ್ಲ.

ನವೆಂಬರ್ ೨

ಅವಳು ಈಗ ಹೊಲದ ಕಡೆ ಹೋಗುತ್ತಿಲ್ಲ. ಇಂದು ಪಾತ್ರೆ ತಿಕ್ಕುತ್ತಿದ್ದವಳು ತಲೆ ಎತ್ತದೆ, "ನಾಳೆ ಬಿಡುವಿದ್ರೆ ಹಿಂದಿನ ಹೊಲ ಉತ್ತುಬಿಡಿ" ಎಂದಳು.

ಸರಿಯಾಗಿ ಕೇಳಿಸಲಿಲ್ಲವೇನೋ ಎಂದುಕೊಂಡೆ.

"ದಂಟೆಲ್ಲ ಮಗುಚಿ, ಭಾವನ ಹೊಲದ ಹಾಗೆ ನುಣ್ಣಗೆ ಮಾಡಿ. ನನ್ನ ಸೊಂಟಕ್ಕೂ ಇದು ಆಗಿಬರಲ್ಲ. ಇಲಿ, ಕಳೆ, ಜನರ ಬಾಯಿ... ಆ ಮನೆ ಅಕ್ಕನ ಮುಖ ನೋಡೋಕಾಗ್ತಿಲ್ಲ ನನಗೆ. ನೀವು ಮೊದಲೇ ಹೇಳಿದ್ರಿ. ನಾನು ಕೇಳಲಿಲ್ಲ."

ಮಾರ್ಚ್ ತಿಂಗಳಿಂದ ಕಾಯುತ್ತಿದ್ದ ಮಾತು. ಎಷ್ಟು ಸಲ ಇದಕ್ಕೆ ಉತ್ತರ ಸಿದ್ಧಮಾಡಿಟ್ಟಿದ್ದೆ! "ನೋಡೋಣ" ಎಂದೆ. ಹೊರಗೆ ಬಂದು ಗಾಡಿಯ ಟೈರಿಗೆ ಒದ್ದೆ. ಕಾಲು ನೋವು.

ನವೆಂಬರ್ ೩, ಭಾನುವಾರ

ನೇಗಿಲು ಕಟ್ಟಿಕೊಂಡು ಹೊಲಕ್ಕೆ ಹೋದೆ. ಮೂಲೆಯಲ್ಲಿ ನಿಲ್ಲಿಸಿ, ನೇಗಿಲು ಇಳಿಸುವ ಲಿವರ್ ಮೇಲೆ ಕೈ ಇಟ್ಟುಕೊಂಡು ಕುಳಿತೆ. ಅಣ್ಣ ಬದುವಿನ ಆ ಕಡೆಯಿಂದ ನೋಡುತ್ತಿದ್ದ.

ಇಳಿದು, ಚಪ್ಪಲಿಯ ತುದಿಯಿಂದ ದಂಟು ಸರಿಸಿ ನೋಡಿದೆ. ಕೆಳಗಿನದು ಅರ್ಧ ಮಣ್ಣಾಗಿಹೋಗಿದೆ, ಯಾವುದು ದಂಟು ಯಾವುದು ಮಣ್ಣು ಹೇಳುವುದು ಕಷ್ಟ. ಒಂದು ಹೆಂಟೆ ಎತ್ತಿ ಹಿಡಿದರೆ ಕೈಯಲ್ಲೇ ಪುಡಿಪುಡಿಯಾಗಿ ಬಿಟ್ಟುಕೊಂಡಿತು. ಒಳಗೆ ಎರೆಹುಳು. ಬೆಳಕು ಬಿದ್ದದ್ದಕ್ಕೆ ಕೋಪಿಸಿಕೊಂಡು ಒಳಗೆ ನುಸುಳಿತು. ಈ ಹೊಲದಲ್ಲಿ ಎರೆಹುಳು ನೋಡಿದ ನೆನಪೇ ಇಲ್ಲ ನನಗೆ. ಅದನ್ನು ಇದ್ದ ಹಾಗೇ ಮುಚ್ಚಿದೆ.

"ಏನೋ, ಉಳಲ್ವಾ?" ಎಂದು ಅಣ್ಣ ಕೂಗಿದ.

"ಗಾಡಿ ಏನೋ ತಕರಾರು."

"ಆ ಒಂಟಿ ಹಲ್ಲು ಇದೆಯಲ್ಲ, ಅದು ನನ್ನ ಹೊಲಕ್ಕೆ ಆಗುತ್ತಾ?"

"ಆಗುತ್ತೆ. ಆದ್ರೆ ದಂಟಿಗೆ ಬೆಂಕಿ ಇಡಬೇಡ. ಅತ್ತಿಗೇನ ನೀನೇ ಒಪ್ಪಿಸ್ಕೋ" ಎಂದೆ. ಒಪ್ಪಿಸುವುದು ಸುಲಭವೇ? ಅವನಿಗೇ ಗೊತ್ತಾಗಲಿ.

ಮನೆಗೆ ಬಂದು, "ಹೈಡ್ರಾಲಿಕ್ ಕೆಟ್ಟಿದೆ. ನೇಗಿಲು ಕೆಳಗೆ ಇಳೀತಿಲ್ಲ" ಎಂದೆ.

ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಇಷ್ಟು ವರ್ಷ ನನ್ನ ಜೊತೆ ಬಾಳಿ ಗಾಡಿಯ ವಿಷಯ ಅವಳಿಗೂ ಗೊತ್ತು, ಅದೇ ತೊಂದರೆ. ಮೆಟ್ಟಿಲು ಹತ್ತಿ, ಇಂಜಿನ್ ಹಚ್ಚಿ, ಲಿವರ್ ಒತ್ತಿದಳು. ನೇಗಿಲು ಸದ್ದಿಲ್ಲದೆ ಮೆಲ್ಲಗೆ ಅಂಗಳಕ್ಕೆ ಇಳಿದು ಕುಳಿತುಕೊಂಡಿತು.

"ಈಗ ಇಳೀತು" ಎಂದೆ.

"ಹೊಲದಲ್ಲಿ ಇಳೀಲಿಲ್ಲ ಅಲ್ವಾ?"

"ಇಲ್ಲ."

ಅವಳು ಇಂಜಿನ್ ಆಫ್ ಮಾಡಿದಳು. ಆಮೇಲೆ ನಿಧಾನವಾಗಿ ಇಳಿದು, "ಹಾಗಾದ್ರೆ ಇದನ್ನ ನಂಬೋಕಾಗಲ್ಲ. ಮತ್ತೆ ಹೊಲದಲ್ಲಿ ಕೈಕೊಟ್ರೆ? ಬಿಚ್ಚಿ ಆ ಮೂಲೆಗೆ ಹಾಕಿಬಿಡಿ" ಎಂದಳು. ಮುಖ ಆ ಕಡೆ ತಿರುಗಿಸಿಕೊಂಡಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಕಾಣಲಿಲ್ಲ.

ಇಷ್ಟು ವರ್ಷ ಗಾಡಿ ಓಡಿಸಿದವನಿಗೆ ಹೈಡ್ರಾಲಿಕ್ ಬಗ್ಗೆ ಇವಳು ಪಾಠ ಹೇಳುತ್ತಾಳೆ! ನೇಗಿಲು ಬಿಚ್ಚಿ ಮೂಲೆಗೆ ಹಾಕಿದೆ. ಇವಳ ಹತ್ತಿರ ವಾದ ಮಾಡಿ ಪ್ರಯೋಜನವಿಲ್ಲ.